ಹಿಡಿಯೋರ ಕಬಡ್ಡಿ

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಕಬಡ್ಡಿ ತಂಡ ಕಟ್ಟಲು ಕೂತರೆ ಮೊದಲು ಬರುವ ಮಾತು, “ಹಿಡಿಯಾಕ ಯಾರದಾರ?” ದಾಳಿಗೆ ಹೋಗುವವನ ಹೆಸರು ಆಮೇಲೆ. ಮೆಕ್ಕೆಜೋಳದ ಚೀಲ ಹೊತ್ತು ಬಲಿತ ಹೆಗಲು, ಗರಡಿಯಲ್ಲಿ ಸಾಮು ಮಾಡಿದ ತೊಡೆ, ಗುಂಡುಕಲ್ಲು ಎತ್ತಿದ ತೋಳು: ಇಂಥ ನಾಲ್ಕು ಆಳು ಸಿಕ್ಕರೆ ಅರ್ಧ ತಂಡ ಆದಂತೆ. ಇದೊಂದು ಪಂಥವೇ ಸರಿ. ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ, ಆಗಬೇಕಾದ ಟೀಕೆಯೂ ಆಗಿಲ್ಲ.

ಗೌರವ ಯಾಕೆಂದರೆ, ಇದರ ಹಿಂದೆ ಗಟ್ಟಿ ಲೆಕ್ಕವಿದೆ. ಪುರುಷರ ಅಂಕಣದ ಅಗಲ 10 ಮೀಟರ್, ಪ್ರತಿ ಕಡೆ ಏಳು ಮಂದಿ, ಒಂದು ದಾಳಿಗೆ 30 ಸೆಕೆಂಡು. ಸಿಕ್ಕಿಬಿದ್ದ ದಾಳಿಗಾರ ನಡುಗೆರೆಗೆ ಬೆರಳು ತಾಗಿಸಿದರೂ ಸಾಕು, ಪಾರಾಗುತ್ತಾನೆ. ಹಾಗಾಗಿ ಹಿಡಿದರಷ್ಟೇ ಸಾಲದು, ಅಲ್ಲೇ ನಿಲ್ಲಿಸಬೇಕು. ಹಗುರ ಹುಡುಗ ಕಾಲು ಹಿಡಿದರೆ ದಾಳಿಗಾರ ಅವನನ್ನೂ ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಭಾರದ ಆಳು ಹಿಡಿದರೆ ಆ ಎಳೆತ ನಡೆಯುವುದಿಲ್ಲ. ಪುರುಷ ಆಟಗಾರರ ತೂಕಕ್ಕೆ 85 ಕಿಲೋದ ಮಿತಿ ಇಟ್ಟಿರುವುದೇ ಈ ಆಟದಲ್ಲಿ ಭಾರದ ಬೆಲೆ ಎಷ್ಟೆಂದು ಹೇಳುತ್ತದೆ.

ದೂರದ ಅಮೆರಿಕನ್ ಫುಟ್‌ಬಾಲಿನಲ್ಲಿ ಅಂಥ ಮಿತಿಯೇ ಇಲ್ಲ. ಅಲ್ಲಿ ಮುಂದಿನ ಸಾಲಿನ ಐದು ದೈತ್ಯರು ಚೆಂಡನ್ನು ಹೊತ್ತು ಓಡುವುದೇ ಇಲ್ಲ, ಎದುರಾಳಿಯನ್ನು ಒತ್ತರಿಸಿ ಹಿಂದಿನವನಿಗೆ ದಾರಿ ಬಿಡಿಸುತ್ತಾರೆ. ಕೋಚ್ ಟಾಮ್ ಆಸ್ಬೋರ್ನ್ ಅವರ ನೆಬ್ರಾಸ್ಕ ಕಾಲೇಜು ತಂಡ ಹೀಗೆ ಓಡಿ ಓಡಿಯೇ 1995ರಲ್ಲಿ ಪಂದ್ಯಕ್ಕೆ ಸರಾಸರಿ 400 ಗಜದ ಹತ್ತಿರ ಗಳಿಸಿತು, ಒಂದೂ ಸೋಲಿಲ್ಲದೆ ಚಾಂಪಿಯನ್ ಆಯಿತು. ಅವರು ದಾರಿ ತೆರೆಯುವವರು, ನಮ್ಮವರು ದಾರಿ ಮುಚ್ಚುವವರು. ಎರಡೂ ಕಡೆ ಗುಟ್ಟು ಒಂದೇ: ಅಷ್ಟೂ ದೇಹಗಳು ಒಂದೇ ಕ್ಷಣದಲ್ಲಿ ಹೆಜ್ಜೆ ಇಡಬೇಕು.

ನಮ್ಮ ಕಡೆಯ ಪಂಥ ಎಡವುವುದು ಇಲ್ಲಿಯೇ. ದೊಡ್ಡಾಳನ್ನು ಮೂಲೆಯಲ್ಲಿ ನಿಲ್ಲಿಸುತ್ತಾರೆ, ನಿಲ್ಲಿಸಿ ಮರೆಯುತ್ತಾರೆ. ಆರು ಅಥವಾ ಏಳು ಮಂದಿ ಅಂಕಣದಲ್ಲಿದ್ದಾಗ ಚುರುಕು ದಾಳಿಗಾರ ಬೋನಸ್ ಗೆರೆಯ ಆಚೆ ಕಾಲಿಟ್ಟು ಒಂದು ಅಂಕ ಕದ್ದು ಹೋಗುತ್ತಾನೆ, ಮೂಲೆಯವನು ತಿರುಗುವಷ್ಟರಲ್ಲಿ ಆತ ನಡುಗೆರೆಯ ಆಚೆ. ಪಕ್ಕದವನ ಕೈ ಹಿಡಿದ ಚೈನ್ ಇದ್ದರೂ ಇಬ್ಬರ ಎಳೆತ ಎರಡು ದಿಕ್ಕಿಗೆ. ಭಾರಕ್ಕೆ ಪಾದದ ಪಾಠ ಯಾರೂ ಹೇಳಿಕೊಟ್ಟಿಲ್ಲ.

ಇರಾನ್ ಅದನ್ನು ಹೇಳಿಕೊಟ್ಟಿತು. ಕುಸ್ತಿಯ ನಾಡು ಅದು. ಕುಸ್ತಿಯ ಸೊಂಟ, ಕುಸ್ತಿಯ ಹಿಡಿತ ಎರಡನ್ನೂ ಕಬಡ್ಡಿಗೆ ತಂದರು. 2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಭಾರತವನ್ನು 27–18ರಿಂದ ಕೆಡವಿ ಚಿನ್ನ ಗೆದ್ದರು. ನಮ್ಮ ಗರಡಿಗಳಲ್ಲಿಯೂ ಇದೇ ಬಂಡವಾಳ ಇತ್ತಲ್ಲ ಎಂಬ ನೋವು ಅಂದು ಯಾವ ಕಬಡ್ಡಿ ಪ್ರೇಮಿಗೂ ತಟ್ಟದೆ ಇದ್ದಿರಲಾರದು.

ದಾಳಿಯೇ ಸರ್ವಸ್ವ ಎನ್ನುವವರ ಬಳಿಯೂ ಪುರಾವೆ ಇದೆ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಗೆದ್ದಾಗ ಫೈನಲ್‌ನ 38 ಅಂಕಗಳಲ್ಲಿ 22 ಪವನ್ ಸೆಹ್ರಾವತ್ ಒಬ್ಬರವೇ. ಆದರೆ ಅಂಥವನು ಪ್ರತಿ ಊರಿನಲ್ಲಿ ಹುಟ್ಟುವುದಿಲ್ಲ. ಹಿಡಿಯುವ ನಾಲ್ವರನ್ನು ಯಾವ ಊರಾದರೂ ತಯಾರು ಮಾಡಿಕೊಳ್ಳಬಹುದು. 2024ರ ಮಾರ್ಚ್‌ನಲ್ಲಿ ಅದೇ ಪ್ರೊ ಕಬಡ್ಡಿಯ ಫೈನಲ್‌ನಲ್ಲಿ ಪುಣೇರಿ ಪಲ್ಟನ್ ಹರಿಯಾಣದ ತಂಡವನ್ನು 28–25ರಿಂದ ಸೋಲಿಸಿತು. ಕಡಿಮೆ ಅಂಕದ ಬಿಗಿ ಪಂದ್ಯ ಅದು. ಆಗ ಪಲ್ಟನ್‌ನ ಕೋಚ್ ಆಗಿದ್ದವರು ನಮ್ಮವರೇ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಅದರ ಮೂಲೆಯಲ್ಲಿ ನಿಂತವರು ಇರಾನಿನ ಶಾದ್ಲೂಯಿ, 2.35 ಕೋಟಿ ರೂಪಾಯಿಗೆ ಕೊಂಡ ರಕ್ಷಕ.

ಅಂದರೆ ಈ ತಾಲ್ಲೂಕುಗಳ ಹಿರಿಯರು “ಹಿಡಿಯಾಕ ಯಾರದಾರ” ಎಂದು ಕೇಳುವುದು ಸರಿಯಾದ ಪ್ರಶ್ನೆಯೇ. ಚೀಲ ಹೊರುವ ಆ ಹುಡುಗನಿಗೆ ಸಂಜೆ ಅರ್ಧ ಗಂಟೆ ಪಕ್ಕದವನ ಕೈ ಹಿಡಿದು ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಸರಿಯುವುದನ್ನು ಕಲಿಸುವವರು ಬೇಕು. ಮಣ್ಣಿನಲ್ಲಿ ಮಾತ್ರವಲ್ಲ, ಒಂದು ಮ್ಯಾಟಿನ ಮೇಲೆಯೂ.