ಉಪಾಧ್ಯಾಯರ ಶಿಕ್ಷಣವೂ ಹೋಶಂಗಾಬಾದಿನ ಪ್ರಯೋಗವೂ

ವಿದ್ಯಾರ್ಥಿಗಳು ಪ್ರಶ್ನಿಸಿ, ಪರೀಕ್ಷಿಸಿ, ತಾವೇ ಕಂಡುಕೊಂಡು ಕಲಿಯಬೇಕೆಂಬ ತತ್ತ್ವಕ್ಕೆ ಇಂದು ವಿರೋಧವು ವಿರಳ. ವಿವಾದವಿರುವುದು, ಹಾಗೆ ಕಲಿಸಬೇಕಾದ ಉಪಾಧ್ಯಾಯರಿಗೆ ಆ ಪದ್ಧತಿಯು ಕೈಗೂಡುವುದು ಹೇಗೆಂಬ ವಿಷಯದಲ್ಲಿ. ತಾವು ಒಂದು ದಿನವೂ ಹಾಗೆ ಕಲಿಯದವರು ಇತರರಿಗೆ ಹಾಗೆ ಕಲಿಸಬಲ್ಲರೆ? ಈ ಪ್ರಶ್ನೆಯನ್ನು ವಿಚಾರಮಾಡುವವರು ಹೋಶಂಗಾಬಾದ್ ವಿಜ್ಞಾನಶಿಕ್ಷಣ ಕಾರ್ಯಕ್ರಮದ ಚರಿತ್ರೆಯನ್ನು ಅವಶ್ಯವಾಗಿ ಪರಿಶೀಲಿಸಬೇಕು.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ (ಇಂದಿನ ನರ್ಮದಾಪುರಂ) 1972ರಲ್ಲಿ 16 ಶಾಲೆಗಳೊಡನೆ ಈ ಕಾರ್ಯವು ಮೊದಲಾಯಿತು. ಕಿಶೋರ ಭಾರತಿ, ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಇದನ್ನು ಆರಂಭಿಸಿದುವು. 1978ರಲ್ಲಿ ಇದು ಇಡೀ ಜಿಲ್ಲೆಗೆ ವಿಸ್ತರಿಸಿತು; 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆಯು ಮುಂದೆ ಇದರ ಭಾರವನ್ನು ವಹಿಸಿತು. 6ರಿಂದ 8ನೆಯ ತರಗತಿಗಳಿಗಾಗಿ ರಚಿತವಾದ 'ಬಾಲವೈಜ್ಞಾನಿಕ' ಎಂಬ ಹಿಂದಿ ಪುಸ್ತಕವು ಸಿದ್ಧಾಂತಗಳನ್ನು ಬಾಯಿಪಾಠಕ್ಕೆ ಒದಗಿಸುವುದಲ್ಲ. ಪ್ರಯೋಗವನ್ನು ಸೂಚಿಸಿ, ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಮಕ್ಕಳಿಗೇ ಬಿಡುವುದು. ಉಪಕರಣಗಳು ಅಲ್ಪವೆಚ್ಚದವು, ಸೂಜಿಯ ಸ್ಥಾನದಲ್ಲಿ ಜಾಲಿಯ ಮುಳ್ಳೂ ಸಾಕಾಯಿತು. ಪುಸ್ತಕವನ್ನು ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯುವ ಅವಕಾಶವೂ ಇದ್ದಿತು.

ಆದರೆ ಕಾರ್ಯಕ್ರಮದ ಜೀವವಿದ್ದುದು ಪುಸ್ತಕದಲ್ಲಲ್ಲ, ಉಪಾಧ್ಯಾಯರ ಬೇಸಿಗೆಯ ಶಿಬಿರಗಳಲ್ಲಿ. ಸುಮಾರು ಮೂರು ವಾರಗಳ ಕಾಲ ಅವರು ಗುಂಪುಗೂಡಿ, ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೇ ತಾವು ಮಾಡುತ್ತಿದ್ದರು. ಒಂದೇ ಮೇಜನ್ನು ಹತ್ತು ಮಂದಿ ಅಳೆದರೆ ಅಳತೆಗಳು ಭಿನ್ನವಾಗುವುವು. ಅದು ತಪ್ಪೆಂದು ನಾಚುವ ಬದಲು ಅದರ ಕಾರಣವನ್ನು ಹುಡುಕುವುದೇ ವಿಜ್ಞಾನವೆಂಬುದು ಇಂಥ ಅಭ್ಯಾಸದಿಂದಲ್ಲದೆ ಉಪನ್ಯಾಸದಿಂದ ಮನಸ್ಸಿಗೆ ಹತ್ತುವುದಿಲ್ಲ. ಶಿಬಿರಕ್ಕೆ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಬಂದು ಅವರ ಪಕ್ಕದಲ್ಲಿ ಕುಳಿತರು. ಆ ಬಳಿಕ ತಿಂಗಳಿಗೊಮ್ಮೆ ಸಭೆ ಸೇರಿ ತರಗತಿಯಲ್ಲಿ ಎದುರಾದ ತೊಡಕುಗಳನ್ನು ಚರ್ಚಿಸುವ ಏರ್ಪಾಡಿದ್ದಿತು. 'ನನಗೆ ತಿಳಿಯದು, ನೋಡೋಣ' ಎನ್ನುವ ಧೈರ್ಯವನ್ನು ಉಪಾಧ್ಯಾಯರಿಗೆ ಕೊಟ್ಟುದು ಈ ನಿರಂತರ ಸಹವಾಸವೇ ಎನ್ನಬೇಕು.

ಇಷ್ಟರಿಂದ ಕಾರ್ಯಕ್ರಮವು ನಿರ್ದೋಷವೆಂದಾಗದು. ಕೈಯಾರೆ ಮಾಡಿ ನೋಡಲಾಗದುದಕ್ಕೆ ಅದು ಸ್ಥಳ ಕೊಡದೆ, ಪರಮಾಣು, ಅಣುಗಳಂಥ ಕಲ್ಪನೆಗಳನ್ನು ದೂರವಿಟ್ಟಿತು. ಪ್ರೌಢಶಾಲೆಗೆ ಹೋಗುವ ಬಾಲಕರ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ. ಹೊರಗಿನ ವಿದ್ವಾಂಸರ ಔದಾರ್ಯವನ್ನೂ ಸರಕಾರದ ಸಮ್ಮತಿಯನ್ನೂ ಅದು ಬಹಳವಾಗಿ ಅವಲಂಬಿಸಿತು. ಆ ಸಮ್ಮತಿಯು ಹಿಂದೆಗೆಯಲ್ಪಟ್ಟೊಡನೆ, 2002ರಲ್ಲಿ, ಮೂವತ್ತು ವರ್ಷಗಳ ಕೆಲಸವು ಶಾಲೆಗಳಲ್ಲಿ ನಿಂತುಹೋಯಿತು.

ಈಗಿನ ಏರ್ಪಾಡುಗಳ ಪ್ರಮಾಣವು ಬೇರೆ. 2019ರಲ್ಲಿ ಆರಂಭವಾದ 'ನಿಷ್ಠಾ' ಯೋಜನೆಯು ಸುಮಾರು 42 ಲಕ್ಷ ಉಪಾಧ್ಯಾಯರನ್ನು ಗುರಿಯಾಗಿಟ್ಟುಕೊಂಡಿತು. 2020ರಲ್ಲಿ ಸಾಂಕ್ರಾಮಿಕದ ಕಾರಣ ಅದು 'ದೀಕ್ಷಾ' ಎಂಬ ಅಂತರ್ಜಾಲ ವೇದಿಕೆಗೆ ಸಾಗಿ, 18 ಪಾಠಕ್ರಮಗಳಾಯಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣನೀತಿಯು ಪ್ರತಿಯೊಬ್ಬ ಉಪಾಧ್ಯಾಯರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಶಿಕ್ಷಣವು ದೊರೆಯಬೇಕೆಂದಿತು. ಗಡಿನಾಡಿನ ಏಕೋಪಾಧ್ಯಾಯ ಶಾಲೆಗೂ ಪಾಠವು ಮುಟ್ಟುವುದೆಂಬುದು ಅಲ್ಪ ಲಾಭವಲ್ಲ. ಆದರೆ ಪರದೆಯ ಮೇಲೆ ಅನ್ವೇಷಣೆಯ ವಿವರಣೆಯನ್ನು ನೋಡಿ, ಪ್ರಶ್ನೆಗಳಿಗೆ ಗುರುತು ಹಾಕಿ, ಪ್ರಮಾಣಪತ್ರವನ್ನು ಪಡೆಯುವುದರಿಂದ ಅನ್ವೇಷಣೆಯು ಅಭ್ಯಾಸವಾಗದು. ಗಂಟೆಗಳನ್ನು ಎಣಿಸಬಹುದು; ಆ ಗಂಟೆಗಳಲ್ಲಿ ಉಪಾಧ್ಯಾಯರು ಏನನ್ನಾದರೂ ತಾವಾಗಿ ಕಂಡುಕೊಂಡರೇ ಎಂಬುದನ್ನು ಆ ಎಣಿಕೆಯು ತಿಳಿಸದು.

ಯಂತ್ರವನ್ನು ದೂಷಿಸುವುದು ಇದರ ತಾತ್ಪರ್ಯವಲ್ಲ. ಹೋಶಂಗಾಬಾದಿನ ಕೊರತೆಗಳನ್ನು ತುಂಬಲು ಅದೇ ಸಮರ್ಥವಾಗಿದೆ: ಕಣ್ಣಿಗೆ ಕಾಣದ ಅಣುವಿನ ಚಲನೆಯನ್ನು ಚಲಚ್ಚಿತ್ರದಲ್ಲಿ ತೋರಿಸಬಹುದು, ದೂರದ ಉಪಾಧ್ಯಾಯರನ್ನು ತಿಂಗಳ ಸಭೆಗೆ ಸೇರಿಸಬಹುದು, ವಿದ್ವಾಂಸರು ಪ್ರಯಾಣವಿಲ್ಲದೆಯೇ ಅವರ ಸಂದೇಹಗಳಿಗೆ ಕಿವಿಗೊಡಬಹುದು. ಆದರೆ ಶಿಬಿರವೂ ಸಭೆಯೂ ಮೊದಲು ಇರತಕ್ಕದ್ದು. ಅವುಗಳಿಗೆ ನೆರವಾಗಬೇಕಾದುದನ್ನು ಅವುಗಳ ಸ್ಥಾನದಲ್ಲಿಯೇ ಕುಳ್ಳಿರಿಸಿದರೆ, ನಷ್ಟವು ಮೊದಲು ಉಪಾಧ್ಯಾಯರದು, ಅನಂತರ ಮಕ್ಕಳದು.