ಪುಟ್ಟಸ್ವಾಮಯ್ಯನವರನ್ನು ಎಲ್ಲಿ ಕೂರಿಸುವುದು?

ಚುಂಚನಕಟ್ಟೆಯ ಜಾತ್ರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಬರುತ್ತದೆ. ಹಗಲೆಲ್ಲ ದನಗಳ ವ್ಯಾಪಾರ, ಕೋದಂಡರಾಮನ ತೇರು. ಸುಗ್ಗಿ ಮುಗಿದ ಮೇಲೆ ನಮ್ಮ ಕಾವೇರಿ ಸೀಮೆಯ ಊರುಗಳಲ್ಲಿ ಪೌರಾಣಿಕ ನಾಟಕದ ಕಾಲ ಶುರುವಾಗುತ್ತದೆ. ನಾಟಕ ಹೆಚ್ಚಾಗಿ ‘ಕುರುಕ್ಷೇತ್ರ’ವೇ. ಪಾತ್ರ ಮಾಡುವವರು ರೈತರು, ಅಂಗಡಿಯವರು, ಡ್ರೈವರುಗಳು. ಪಾತ್ರಕ್ಕೆ ಇಷ್ಟೆಂದು ತಾವೇ ದುಡ್ಡು ಹಾಕಿ, ತಿಂಗಳುಗಟ್ಟಲೆ ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಮುಂದೆ ಕೂತು ಕಲಿಯುತ್ತಾರೆ. ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರಿರುತ್ತದೆ, ಮೇಷ್ಟ್ರ ಹೆಸರು, ಸೀನರಿಯವರ ಹೆಸರು, ದೀಪ ಹಚ್ಚುವ ರಾಜಕಾರಣಿಯ ಹೆಸರು ಇರುತ್ತದೆ. ನಾಟಕ ಬರೆದವರ ಹೆಸರು ಕಾಣುವುದು ಅಪರೂಪ.

ನಮ್ಮ ದೊಡ್ಡಪ್ಪ ಹಲವು ವರ್ಷ ದುರ್ಯೋಧನನ ಪಾತ್ರ ಮಾಡಿದವರು. ಬಿ. ಪುಟ್ಟಸ್ವಾಮಯ್ಯನವರ ಬಗ್ಗೆ ಓದುತ್ತಿದ್ದೇನೆ ಎಂದಾಗ ಅವರು ಕೇಳಿದ್ದು ಒಂದೇ: “ಯಾರವ್ವಾ ಅದು? ನಮ್ ಕಡೆಯೋರಾ?” ಕನ್ನಡ ವಿಭಾಗದ ಸಹಪಾಠಿಗಳೂ ಹೆಚ್ಚುಕಡಿಮೆ ಇದನ್ನೇ ಕೇಳಿದರು, ಭಾಷೆ ಮಾತ್ರ ಬೇರೆ. ನವೋದಯದವರೋ, ಪ್ರಗತಿಶೀಲರೋ? ಎರಡೂ ಅಲ್ಲ ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಪುಟ್ಟಸ್ವಾಮಯ್ಯ (1897–1984) ಬೆಂಗಳೂರಿನವರು. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ವನ್ನು ಬರೆದವರು ಇವರು. ಅದೇ ಕಂಪನಿಯ ‘ದಶಾವತಾರ’ವೂ ಇವರದು. ಮಹಮ್ಮದ್ ಪೀರ್ ಅವರ ಹೆಸರಿನೊಂದಿಗೆ ಬೆರೆತುಹೋದ ‘ಷಹಜಹಾನ್’ ಕೂಡ ಇವರ ಲೇಖನಿಯದು. ಮುಂದೆ ಅವರು ಸಾಮಾಜಿಕ ಕಾದಂಬರಿ ಬರೆದರು, ಐತಿಹಾಸಿಕ ಕಾದಂಬರಿ ಬರೆದರು, ಬರೆಯುತ್ತಲೇ ಹೋದರು. 1964ರಲ್ಲಿ ‘ಕ್ರಾಂತಿ ಕಲ್ಯಾಣ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟಾದರೂ ನಮ್ಮ ವಿಮರ್ಶೆಗೆ ಅವರು ಸಾಹಿತ್ಯ ಚರಿತ್ರೆಯಲ್ಲಿ ಒಂದೆರಡು ಸಾಲಿನ ಲೇಖಕ. ‘ಜನಪ್ರಿಯ’ ಎಂಬ ಮಾತನ್ನು ನಾವು ಬಳಸುವುದೇ ಮುಂದೆ ಓದಬೇಕಾಗಿಲ್ಲ ಎಂಬ ಅರ್ಥದಲ್ಲಿ.

ಇದು ಬರಿಯ ಅಸಡ್ಡೆಯಲ್ಲ. ಇಂಥ ಲೇಖಕರನ್ನು ಓದುವ ಕ್ರಮವೇ ನಮ್ಮಲ್ಲಿಲ್ಲ.

ಕಂಪನಿ ನಾಟಕಕಾರ ತನಗೆ ತೋಚಿದ್ದನ್ನು ಬರೆದು ಕೈತೊಳೆದುಕೊಳ್ಳುವಂತಿರಲಿಲ್ಲ. ಯಾವ ನಟನ ಕಂಠ ಎಷ್ಟು ಏರುತ್ತದೆ, ಹಾಡು ಎಲ್ಲಿ ಬರಬೇಕು, ಹಿಂದೆ ದರ್ಬಾರಿನ ಸೀನು ಜೋಡಿಸುವಷ್ಟು ಹೊತ್ತು ಮುಂದಿನ ಪರದೆ ಬಿಟ್ಟು ಯಾವ ಹಾಸ್ಯ ನಡೆಸಬೇಕು, ಎಲ್ಲವೂ ಬರವಣಿಗೆಯ ಭಾಗ. ಕೊನೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಮಾತು ಕೇಳಬೇಕು, ಅರ್ಥವಾಗಬೇಕು. ಕಂಪನಿ ಬಿಟ್ಟ ನಟರು ಹಳ್ಳಿಗಳಲ್ಲಿ ಮೇಷ್ಟ್ರಾದಾಗ ಆ ಮಾತುಗಳು ಅವರ ಜೊತೆ ಬಂದವು. ಇಂದು ನಮ್ಮೂರ ಮೇಷ್ಟ್ರ ನೋಟ್‌ಬುಕ್ಕಿನಲ್ಲಿರುವ ‘ಕುರುಕ್ಷೇತ್ರ’ ಒಬ್ಬರದ್ದಲ್ಲ. ಕಂಪನಿಯ ಸಂಭಾಷಣೆ, ಕುಮಾರವ್ಯಾಸನ ಪದ್ಯ, ಮೇಷ್ಟ್ರೇ ಸೇರಿಸಿದ ಕಂದ, ಸಿನಿಮಾ ಮಟ್ಟಿನ ಹಾಡು ಎಲ್ಲ ಅದರಲ್ಲಿ ಕೂಡಿಕೊಂಡಿವೆ. ಮೂಲ ಯಾವುದೆಂದು ಹುಡುಕುವುದಕ್ಕಿಂತ, ಒಂದು ಬರಹ ಹೀಗೆ ಹಲವು ಕೈಗೆ ಹೋಗಿಯೂ ತಾಳಿಕೊಳ್ಳುತ್ತದಲ್ಲ, ಆ ಕಸುವು ಎಂಥದು ಎಂದು ಕೇಳುವುದು ಮೇಲು. ದೊಡ್ಡಪ್ಪನಿಗೆ ಲೇಖಕನ ಹೆಸರು ಗೊತ್ತಿಲ್ಲ, ದುರ್ಯೋಧನನ ಮಾತು ಮಾತ್ರ ಒಂದೂ ಮರೆತಿಲ್ಲ.

ಕೈಯಿಂದ ಕೈಗೆ ಹೋಗುವ ಈ ಗುಣ ಅವರ ‘ಅರ್ಧಾಂಗಿ’ ಕಾದಂಬರಿಗೂ ಇದೆ. ಮಲತಾಯಿಯ ಹುನ್ನಾರದಿಂದ ದಡ್ಡನಾಗಿಯೇ ಬೆಳೆದ ಗಂಡ, ಅವನನ್ನು ಮನುಷ್ಯನನ್ನಾಗಿ ಮಾಡುವ ಓದಿದ ಹೆಂಡತಿ. ಪುಟ್ಟಣ್ಣ ಕಣಗಾಲ್ 1969ರಲ್ಲಿ ಇದನ್ನು ‘ಮಲ್ಲಮ್ಮನ ಪವಾಡ’ ಮಾಡಿದರು. 1987ರಲ್ಲಿ ಈ ಕಥೆ ತಮಿಳಿನ ‘ಎಂಗ ಚಿನ್ನ ರಾಸಾ’ ಆಯಿತು, 1992ರಲ್ಲಿ ಹಿಂದಿಯ ‘ಬೇಟಾ’, ಮರುವರ್ಷ ರವಿಚಂದ್ರನ್ ಅವರ ‘ಅಣ್ಣಯ್ಯ’ನಾಗಿ ಮತ್ತೆ ಕನ್ನಡಕ್ಕೇ ಬಂತು. ಇದೇ ವಸ್ತು ಮಣಿಲಾಲ್ ಬ್ಯಾನರ್ಜಿಯವರ ಬಂಗಾಳಿ ಕಾದಂಬರಿ ‘ಸ್ವಯಂಸಿದ್ಧಾ’ದಿಂದ 1955ರ ತೆಲುಗು ‘ಅರ್ಧಾಂಗಿ’ ಚಿತ್ರಕ್ಕೂ ಹೋಗಿತ್ತು. ಇಲ್ಲಿ ‘ಸ್ವಂತಿಕೆ’ಯ ಅಳತೆಗೋಲು ಹಿಡಿದು ನಿಂತರೆ ಏನೂ ಸಿಕ್ಕುವುದಿಲ್ಲ. ಊರೂರಿಗೆ ಹೋಗುವ ಕಥೆಗೆ ಆಯಾ ಊರಿನ ಮಾತು ಕೊಡುವುದು ಕಂಪನಿ ಲೇಖಕನ ಕಸುಬೇ ಆಗಿತ್ತು. ಪುಟ್ಟಸ್ವಾಮಯ್ಯ ಅದನ್ನು ಕಾದಂಬರಿಗೂ ತಂದರು.

ಹಾಗಿದ್ದರೆ ಅವರನ್ನು ಒಳ್ಳೆಯ ಕಸುಬುದಾರ ಎಂದು ಕರೆದು ಸುಮ್ಮನಾಗಬಹುದೇ? ನನ್ನ ಉತ್ತರ ‘ಇಲ್ಲ’. ಅದಕ್ಕೆ ಕಾರಣ ಕಲ್ಯಾಣದ ಸರಣಿ.

‘ಉದಯರವಿ’, ‘ರಾಜ್ಯಪಾಲ’, ‘ಕಲ್ಯಾಣೇಶ್ವರ’, ‘ನಾಗಬಂಧ’, ‘ಮುಗಿಯದ ಕನಸು’, ‘ಕ್ರಾಂತಿ ಕಲ್ಯಾಣ’ ಎಂಬ ಆರು ಕಾದಂಬರಿಗಳು ಅದರಲ್ಲಿವೆ. ಮುಂದೆ ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಇದೇ ಕಲ್ಯಾಣವನ್ನು ರಂಗದ ಮೇಲೆ ತಂದವು. ಈ ಮೂರನ್ನೂ ನಾವು ತರಗತಿಯಲ್ಲಿ ಚರ್ಚಿಸುತ್ತೇವೆ. ಒಂದು ವಿಚಿತ್ರವನ್ನು ಮಾತ್ರ ಗಮನಿಸಿಲ್ಲ. ರಂಗವೇ ಮನೆಯಾಗಿದ್ದ ಲೇಖಕ ಕಲ್ಯಾಣದ ಇಡೀ ಕಥೆಗೆ ಆರಿಸಿಕೊಂಡದ್ದು ಕಾದಂಬರಿಯನ್ನು.

ಕಾರಣ ಹೀಗಿರಬಹುದು. ಒಂದು ರಾತ್ರಿಯ ನಾಟಕಕ್ಕೆ ಹರಳಯ್ಯ, ಮಧುವಯ್ಯರ ಮಕ್ಕಳ ಮದುವೆ ಮತ್ತು ಬಿಜ್ಜಳನ ಶಿಕ್ಷೆ ಸಾಕು, ಅಲ್ಲೇ ಬೆಂಕಿಯಿದೆ. ಆದರೆ ಆ ಮದುವೆ ಯಾಕೆ ರಾಜ್ಯದ ಪ್ರಶ್ನೆಯಾಯಿತು ಎಂದು ತೋರಿಸಲು ಭಂಡಾರ ಬೇಕು, ಒಳಸಂಚು ಬೇಕು, ಚಾಳುಕ್ಯರಿಂದ ಕಳಚುರಿಗಳಿಗೆ ಜಾರಿದ ಸಿಂಹಾಸನ ಬೇಕು. ಶೀರ್ಷಿಕೆಗಳನ್ನೇ ನೋಡಿ: ‘ರಾಜ್ಯಪಾಲ’, ‘ಕಲ್ಯಾಣೇಶ್ವರ’ ಅಧಿಕಾರದ ಮಾತುಗಳು, ‘ನಾಗಬಂಧ’ ಬಿಚ್ಚಲಾರದ ಗಂಟಿನ ಹೆಸರು. ಬಸವಣ್ಣನನ್ನು ಪವಾಡಪುರುಷನಾಗಿ ಮಾತ್ರ ನೋಡದೆ, ರಾಜ್ಯವೊಂದರ ಒಳಗೆ ನಿಂತ ಮನುಷ್ಯನಾಗಿ ನೋಡಲು ಅವರಿಗೆ ಅಷ್ಟು ಪುಟಗಳು ಬೇಕಾದವು. ಬರೆದು ಗುಡ್ಡೆಹಾಕಿದರು ಎಂದು ನಾವು ಮೂಗು ಮುರಿಯುವ ವಿಸ್ತಾರ ಇಲ್ಲಿ ವಿಚಾರದ ಅಗತ್ಯವೇ ಆಗಿತ್ತು.

ಕಾಲವನ್ನೂ ಮರೆಯಬಾರದು. 1956ರವರೆಗೆ ಬಸವಕಲ್ಯಾಣ ಹೈದರಾಬಾದ್ ರಾಜ್ಯದಲ್ಲಿತ್ತು. ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಏಕೀಕರಣವಾಗಿ ಎಂಟೇ ವರ್ಷ. ಹಳೇ ಮೈಸೂರಿನ ಓದುಗನಿಗೆ ಕಲ್ಯಾಣವನ್ನು ‘ನಮ್ಮ ಊರು’ ಎನ್ನುವಂತೆ ಮಾಡಿದ್ದರಲ್ಲಿ ಬಾಡಿಗೆ ಗ್ರಂಥಾಲಯದ ಇಂಥ ದಪ್ಪ ಪುಸ್ತಕಗಳ ಪಾಲೂ ಇದೆ.

ದೋಷಗಳಿಲ್ಲವೆಂದಲ್ಲ. ಪಾತ್ರಗಳು ಯೋಚಿಸುವುದಕ್ಕಿಂತ ಘೋಷಿಸುವುದೇ ಹೆಚ್ಚು. ಎದುರಾಳಿ ಇಲ್ಲದ ಕಡೆಯೂ ಎದುರಾಳಿಗೆ ಉತ್ತರಿಸುವ ಧಾಟಿಯಿದೆ. ಮಾಸ್ತಿಯವರ ‘ಚಿಕವೀರರಾಜೇಂದ್ರ’ದಲ್ಲಿ ಮೌನ ಮಾಡುವ ಕೆಲಸವನ್ನು ಇಲ್ಲಿ ಮಾತೇ ಮಾಡಬೇಕು. ಕೆಲವು ಕಡೆ ಪುಟ ಮಗುಚಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆದರೆ ಇದೂ ಕಂಪನಿ ರಂಗದಿಂದ ಬಂದದ್ದೇ. ಕೊನೆಯ ಸಾಲಿನವನನ್ನು ಬಿಟ್ಟುಕೊಡದ ಹಟ ಕಾದಂಬರಿಯಲ್ಲಿ ಕೆಲವೊಮ್ಮೆ ಅತಿಯಾಗುತ್ತದೆ.

ಅವರನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆಗೆ ನವೋದಯ, ನವ್ಯದ ಸಾಲಿನಲ್ಲಿ ಇನ್ನೊಂದು ಕುರ್ಚಿ ಹಾಕುವುದು ಉತ್ತರವಲ್ಲ. ಕಂಪನಿ, ಬಾಡಿಗೆ ಗ್ರಂಥಾಲಯ, ಚಿತ್ರಮಂದಿರ, ಹಳ್ಳಿಯ ನೋಟ್‌ಬುಕ್ಕು, ಈ ನಾಲ್ಕನ್ನೂ ಕನ್ನಡ ಸಾಹಿತ್ಯದ ಚರಿತ್ರೆಯೊಳಗೆ ತಂದರೆ ಅವರ ಜಾಗ ತಾನಾಗಿ ಕಾಣುತ್ತದೆ. ಸದ್ಯಕ್ಕೆ ನನ್ನಿಂದಾದದ್ದು ಇಷ್ಟು: ಮುಂದಿನ ಸಲದ ಕರಪತ್ರದಲ್ಲಿ ಮೇಷ್ಟ್ರ ಹೆಸರಿನ ಮೇಲೆ ಇನ್ನೊಂದು ಹೆಸರು ಹಾಕಿಸಿ ಎಂದು ದೊಡ್ಡಪ್ಪನಿಗೆ ಹೇಳಿದೆ. “ಜಾಗ ಇದ್ರೆ ಹಾಕ್ಸಾಣ ಬುಡವ್ವ” ಎಂದರು. ನಮ್ಮ ಸಾಹಿತ್ಯ ಚರಿತ್ರೆಗಳು ಅಷ್ಟನ್ನೂ ಹೇಳಿಲ್ಲ.