ಸೋಮನಹಳ್ಳಿ ವಕೀಲರ ಕಕ್ಷಿದಾರರು ಯಾರು?

ಬೆಂಗಳೂರಿಂದ ನಮ್ಮೂರಿಗೆ ಹಳೇ ರಸ್ತೆಯಲ್ಲಿ ಹೊರಟರೆ ಮದ್ದೂರಿಗೆ ಸ್ವಲ್ಪ ಮುಂಚೆ ಸೋಮನಹಳ್ಳಿ ಸಿಗುತ್ತೆ. ಮದ್ದೂರಲ್ಲಿ ಎಡಕ್ಕೆ ತಿರುಗಿ ಮಳವಳ್ಳಿ ರಸ್ತೆ ಹಿಡಿದರೆ ಭಾರತೀನಗರ. ಹಳಬರ ಬಾಯಲ್ಲಿ ಇವತ್ತಿಗೂ ಕೆ.ಎಂ. ದೊಡ್ಡಿ. ಸೋಮನಹಳ್ಳಿ ಎಸ್.ಎಂ. ಕೃಷ್ಣ ಹುಟ್ಟಿದ ಊರು, ನಮ್ಮದು ಜಿ. ಮಾದೇಗೌಡರು ಕಾಲೇಜು ಕಟ್ಟಿದ ಊರು. ಒಂದೇ ತಾಲ್ಲೂಕಿನ ಈ ಇಬ್ಬರಲ್ಲಿ ಯಾರು ದೊಡ್ಡವರು ಅನ್ನೋ ವಾದ ನಮ್ಮ ಮನೆ ಜಗಲಿ ಮೇಲೆ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಅಪ್ಪನ ತೀರ್ಪು ಮಾತ್ರ ಯಾವಾಗಲೂ ಒಂದೇ: "ಕೃಷ್ಣ ದೊಡ್ಡ ಮನುಸ ಕಣ್ಲಾ. ಆದ್ರೆ ಕಷ್ಟ ಅಂದ್ರೆ ಮಾದೇಗೌಡ್ರ ತಾವ್ಕೇ ಹೋಗ್ಬೇಕು."

2024ರ ಡಿಸೆಂಬರ್ 10ರಂದು ಕೃಷ್ಣ ತೀರಿಕೊಂಡಾಗ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಬರೆದಿದ್ದು ಇನ್ನೊಂದು ತೀರ್ಪು: ಐಟಿ ಬೆಂಗಳೂರನ್ನು ಕಟ್ಟಿದವರು ಅಂತ. ನನಗೆ ಎರಡೂ ಅರ್ಧ ನಿಜ ಅನ್ನಿಸುತ್ತೆ.

ಮೊದಲು ಆಫೀಸಿನವರ ಮಾತು. ಇನ್ಫೋಸಿಸ್ ಬೆಂಗಳೂರಿಗೆ ಬಂದಿದ್ದು 1983ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ. ಕೃಷ್ಣ ಮುಖ್ಯಮಂತ್ರಿ ಆಗಿದ್ದು 1999ರ ಅಕ್ಟೋಬರ್‌ನಲ್ಲಿ. ಅಂದರೆ ಐಟಿ ಅವರಿಗಿಂತ ಮುಂಚೆಯೇ ಬಂದಿತ್ತು. ಅವರು ಮಾಡಿದ್ದು, ಆ ಕಂಪನಿಗಳ ಭಾಷೆ ಅರ್ಥವಾಗೋ ಸರ್ಕಾರ ನಡೆಸಿದ್ದು. ನಂದನ್ ನಿಲೇಕಣಿ ಅವರನ್ನು ಕರೆದು ಬೆಂಗಳೂರಿಗೆ ಕಾರ್ಯಪಡೆ ಮಾಡಿದರು. ಡಲ್ಲಾಸ್‌ನಲ್ಲೂ ವಾಷಿಂಗ್ಟನ್‌ನಲ್ಲೂ ಓದಿ, ರೇಣುಕಾಚಾರ್ಯ ಲಾ ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ಕಾನೂನು ಪಾಠ ಮಾಡಿದವರಿಗೆ ಅದು ಕಷ್ಟದ ಭಾಷೆ ಆಗಿರಲಿಲ್ಲ.

ಹಾಗಂತ ಅಪ್ಪನ ಮಾತೂ ಪೂರ್ತಿ ಸರಿಯಲ್ಲ. ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ತಿರುಗೋದು ತಪ್ಪಿದ್ದು ಕೃಷ್ಣ ಕಾಲದಲ್ಲಿ ರಾಜ್ಯದ ತುಂಬಾ ಬಂದ 'ಭೂಮಿ' ಯೋಜನೆಯಿಂದ. ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಸಹಕಾರ ಸಂಘದ ರೈತರಿಗೆ ಆಪರೇಷನ್ ಖರ್ಚು ಹಗುರ ಮಾಡಿದ ಯಶಸ್ವಿನಿಯೂ 2003ರದ್ದೇ. ಇವೆಲ್ಲ ಅಪ್ಪನೂ ಬಳಸಿದ ಸವಲತ್ತುಗಳು. ಗಮನಿಸಿ ನೋಡಿ, ಎರಡರಲ್ಲೂ ಮಧ್ಯೆ ಮನುಷ್ಯ ಇಲ್ಲ. ಕಾಗದ ಸರಿ ಇದ್ದರೆ ಕೆಲಸ ಆಗುತ್ತೆ, ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಇದು ವಕೀಲರ ರಾಜಕೀಯ. ಅದರ ಬಲ ಅಲ್ಲೇ ಇದೆ, ಮಿತಿಯೂ ಅಲ್ಲೇ ಇದೆ.

ಮಿತಿ ಕಂಡಿದ್ದು 2002ರಲ್ಲಿ. ಮಳೆ ಕೈಕೊಟ್ಟಿತ್ತು. ತಮಿಳುನಾಡಿಗೆ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬಿಟ್ಟರೆ ಮಂಡ್ಯ ಉರಿಯುತ್ತೆ, ಬಿಡದಿದ್ದರೆ ನ್ಯಾಯಾಂಗ ನಿಂದನೆ. ಕೃಷ್ಣ ಬಿಟ್ಟರು, ನಿಲ್ಲಿಸಿದರು, ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು, ಮತ್ತೆ ಬಿಟ್ಟರು, ಕೋರ್ಟಿಗೆ ಕ್ಷಮೆ ಕೇಳಿದರು. ಇತ್ತ ಮಾದೇಗೌಡರು ಕಾವೇರಿ ಹಿತರಕ್ಷಣಾ ಸಮಿತಿ ಕಟ್ಟಿಕೊಂಡು ಬೀದಿಯಲ್ಲಿದ್ದರು. ಕೋರ್ಟಿನ ಮಾತು ಮೀರಬಾರದು ಅಂತ ಕಾನೂನು ಮೇಷ್ಟ್ರಿಗೆ ಗೊತ್ತಿತ್ತು, ಅದು ತಪ್ಪಲ್ಲ. ಆದರೆ ಆ ಕಠಿಣ ಸತ್ಯವನ್ನು ಮೊದಲ ದಿನವೇ ಊರಿಗೆ ಬಂದು, ರೈತರೆದುರು ಕೂತು ಹೇಳಬೇಕಿತ್ತು. ಆಮೇಲೆ ನಡೆದುಕೊಂಡು ಬಂದರೂ ತಡವಾಗಿತ್ತು.

ಮುಂದೆ ಏನಾಯ್ತು? 2004ರಲ್ಲಿ ಅವರು ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಿಂತರು. ಅವರು ಗೆದ್ದರು, ಪಕ್ಷ 132 ಸೀಟಿನಿಂದ 65ಕ್ಕೆ ಇಳಿಯಿತು. ವರ್ಷ ಮುಗಿಯೋದರೊಳಗೆ ಮಹಾರಾಷ್ಟ್ರದ ರಾಜ್ಯಪಾಲರಾಗಿ ಹೋದರು, ಚಾಮರಾಜಪೇಟೆಯೂ ಹಿಂದೆ ಉಳಿಯಿತು. 2009ರಲ್ಲಿ ವಿದೇಶಾಂಗ ಸಚಿವರಾದರು. ಓದಿದ ವಿದ್ಯೆಗೆ ತಕ್ಕ ಖಾತೆ ಸಿಕ್ಕಿತಲ್ಲ ಅಂತ ನಾವೂ ಖುಷಿಪಟ್ಟಿದ್ದೆವು. ಆದರೆ ಹೆಚ್ಚಿನವರ ನೆನಪಲ್ಲಿ ಉಳಿದಿದ್ದು 2011ರ ಫೆಬ್ರವರಿಯಲ್ಲಿ, ವಿಶ್ವಸಂಸ್ಥೆಯಲ್ಲಿ, ಪೋರ್ಚುಗಲ್ ಮಂತ್ರಿಯ ಭಾಷಣವನ್ನು ಕೆಲ ನಿಮಿಷ ಓದಿದ್ದು. ಆ ಒಂದು ಎಡವಟ್ಟಿಗೆ ಅವರ ಜೀವಮಾನವನ್ನೇ ಅಳೆಯೋದು ಅನ್ಯಾಯ. 2017ರಲ್ಲಿ ಬಿಜೆಪಿ ಸೇರಿದ್ದು ಮಾತ್ರ ಎಡವಟ್ಟಲ್ಲ, ಯೋಚಿಸಿ ಮಾಡಿದ್ದು. ಅಷ್ಟು ದಶಕ ವಾದಿಸಿದ ಪಕ್ಷ ಬಿಟ್ಟು ಎದುರು ಪಕ್ಷಕ್ಕೆ ವಕಾಲತ್ತು ಹಾಕಿದಂತಾಯ್ತು.

ಇದೇ ಮನುಷ್ಯ 1962ರಲ್ಲಿ, ಮೂವತ್ತು ತುಂಬೋ ಮೊದಲೇ, ಮದ್ದೂರಲ್ಲಿ ಪಕ್ಷೇತರನಾಗಿ ನಿಂತು, ನೆಹರೂ ಬಂದು ಪ್ರಚಾರ ಮಾಡಿದ್ದ ಕೆ.ವಿ. ಶಂಕರಗೌಡರನ್ನು ಸೋಲಿಸಿದ್ದರು. ಅವತ್ತು ಅವರ ಬೆನ್ನಿಗೆ ಪಕ್ಷ ಇರಲಿಲ್ಲ, ಊರು ಇತ್ತು. ಆಮೇಲೆ ಸ್ಥಾನಗಳು ದೊಡ್ಡದಾಗುತ್ತಾ ಹೋದವು, ಊರು ಚಿಕ್ಕದಾಗುತ್ತಾ ಹೋಯಿತು. ಕೊನೆಗೆ ಅಂತ್ಯಕ್ರಿಯೆ ನಡೆದಿದ್ದು ಸೋಮನಹಳ್ಳಿಯಲ್ಲೇ.

ಇಷ್ಟೆಲ್ಲ ಬರೆಯೋ ಹಕ್ಕು ನನಗಿದೆಯಾ ಅಂತ ಅನುಮಾನ. ಅವರು ಬೆಳೆಸಿದ ಬೆಂಗಳೂರಲ್ಲೇ ನನ್ನ ಸಂಬಳ, ನನ್ನ ಗೃಹಸಾಲ. ಅವರ ನಿಜವಾದ ಕಕ್ಷಿದಾರರು ಮದ್ದೂರಿನವರೋ ಚಾಮರಾಜಪೇಟೆಯವರೋ ಅಲ್ಲ, ಊರು ಬಿಟ್ಟು ಬಂದ ನನ್ನಂಥವರು ಇರಬೇಕು. ಕೇಸು ಗೆದ್ದವರು ನಾವು. ಅದಕ್ಕೇ ವಾಟ್ಸಾಪಿನಲ್ಲಿ ಅಷ್ಟು ಧಾರಾಳವಾಗಿ ಹೊಗಳಿದೆವು.

ಹೋದ ವರ್ಷ ನಾನೂ ವೋಟರ್ ಕಾರ್ಡ್ ಬೆಂಗಳೂರಿನ ವಿಳಾಸಕ್ಕೆ ಬದಲಾಯಿಸಿಕೊಂಡೆ. ಫೋನಿನಲ್ಲಿ ಹೇಳಿದಾಗ ಅಪ್ಪ ಬೈಯಲಿಲ್ಲ. "ಆಯ್ತು ಬುಡು, ನೀನೂ ಹೊಂಟೋದೆ" ಅಂದು, ಕಬ್ಬಿಗೆ ಈ ಸಲ ನೀರು ಎಷ್ಟು ದಿನ ಬಿಡ್ತಾರಂತೆ ಅಂತ ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ.